ಒಂದೇ ಕಂಪ್ಯೂಟರ್: ಮೇಜಿನ ಮೇಲೆ ಮಾನಿಟರ್, ಚಾವಡಿಯಲ್ಲಿ ಟಿ.ವಿ.

ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರಲು ಶುರುವಾಗುತ್ತದೆ. ಕೋಣೆಯಲ್ಲಿ ಕಂಪ್ಯೂಟರ್ ಮತ್ತು ಮಾನಿಟರ್ ಇವೆ, ಚಾವಡಿಯಲ್ಲಿ ಟಿ.ವಿ. ಇದೆ, ಎರಡರಲ್ಲೂ ಒಂದೇ ಕಂಪ್ಯೂಟರಿನ ಚಿತ್ರ ಬರುವಂತೆ ಮಾಡುವುದು ಹೇಗೆ? ಕೇಳುವವರಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿದ್ದಾರೆ, ಗಿರಾಕಿಗೆ ಮದುವೆ ಕಾಗದದ ಕರಡನ್ನು ದೊಡ್ಡದಾಗಿ ತೋರಿಸಬೇಕೆನ್ನುವ ಡಿ.ಟಿ.ಪಿ. ಅಂಗಡಿಯವರಿದ್ದಾರೆ, ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರೂ ಇದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಯಿತು. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ನಿಮ್ಮದು ಸ್ಮಾರ್ಟ್ ಟಿ.ವಿ. ಆಗಿದ್ದು, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವುದಷ್ಟೇ ಉದ್ದೇಶವಾಗಿದ್ದರೆ ಈ ತಾಪತ್ರಯವೇ ಬೇಡ. ಟಿ.ವಿ.ಯಲ್ಲಿರುವ ಆ್ಯಪ್ ಸಾಕು. ಹಾರ್ಡ್ ಡಿಸ್ಕಿನಲ್ಲಿರುವ ಹಳೆಯ ಮದುವೆ ವೀಡಿಯೊ, ಪಾಠದ ಸ್ಲೈಡು, ಲೆಕ್ಕದ ಹಾಳೆ, ಗಲ್ಫಿನಲ್ಲಿರುವ ಮಕ್ಕಳ ಜೊತೆ ಮನೆಮಂದಿಯೆಲ್ಲ ಕುಳಿತು ಆಡುವ ವೀಡಿಯೊ ಮಾತುಕತೆ, ಇಂಥವು ಇದ್ದರೆ ಮಾತ್ರ ಮುಂದೆ ಓದಿ.

ಇನ್ನೊಂದು ಮಾತು, ಇದು ಇಡೀ ಲೇಖನಕ್ಕೆ ಬುನಾದಿ. ಟಿ.ವಿ.ಯನ್ನು ದೊಡ್ಡ ಗಾತ್ರದ ಮಾನಿಟರ್ ಎಂದುಕೊಂಡವರೇ ಹೆಚ್ಚು ತೊಂದರೆಪಡುತ್ತಾರೆ. ಮಾನಿಟರ್ ತನಗೆ ಬಂದ ಚಿತ್ರವನ್ನು ಬಂದ ಹಾಗೆ ತೋರಿಸುತ್ತದೆ. ಟಿ.ವಿ. ಹಾಗಲ್ಲ, ಅಂಚು ಕತ್ತರಿಸುತ್ತದೆ, ಬಣ್ಣ ಏರಿಸುತ್ತದೆ, ಗೆರೆಗಳನ್ನು ತೀಡುತ್ತದೆ. ಸಿನಿಮಾಕ್ಕೆ ಈ ಉಪಚಾರ ಸೊಗಸು, ಕನ್ನಡದ ಒತ್ತಕ್ಷರಕ್ಕೆ ಮಾರಕ. ಕೇಬಲ್ ಜೋಡಿಸುವುದು ಹತ್ತು ನಿಮಿಷದ ಕೆಲಸ. ಟಿ.ವಿ.ಗೆ ಸುಮ್ಮನಿರಲು ಕಲಿಸುವುದೇ ನಿಜವಾದ ಕೆಲಸ.

ಹಂತ 1: ಪೆಟ್ಟಿಗೆಯ ಬೆನ್ನು ನೋಡಿ

ಅಂಗಡಿಗೆ ಓಡುವ ಮೊದಲು ಟಾರ್ಚ್ ಹಿಡಿದು ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿ, ಮಾನಿಟರಿನ ಹಿಂಬದಿ, ಟಿ.ವಿ.ಯ ಹಿಂಬದಿ ಮೂರನ್ನೂ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನಿಮಗೆ ಬೇಕಾದದ್ದು ಪೋರ್ಟ್‌ಗಳು, ಅಂದರೆ ಕೇಬಲಿನ ತುದಿ ಕೂರುವ ಕಿಂಡಿಗಳು. ಕಾಣಸಿಗುವುದು ಸಾಮಾನ್ಯವಾಗಿ ಇಷ್ಟು:

ವಿ.ಜಿ.ಎ.: ನೀಲಿ ಬಣ್ಣದ, 15 ತೂತುಗಳ, ಎರಡೂ ಬದಿಗೆ ತಿರುಪು ಇರುವ ಕಿಂಡಿ. 1987ರಷ್ಟು ಹಳೆಯದು. ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ.

ಎಚ್.ಡಿ.ಎಂ.ಐ.: ಚಪ್ಪಟೆ, ಕೆಳಗಿನ ಎರಡು ಮೂಲೆ ಓರೆಯಾಗಿರುವ ಕಿಂಡಿ. ಚಿತ್ರ ಮತ್ತು ಧ್ವನಿ ಒಂದೇ ಕೇಬಲಿನಲ್ಲಿ ಹೋಗುತ್ತವೆ. ಟಿ.ವಿ.ಗೆ ಇದೇ ಬೇಕು.

ಡಿಸ್‌ಪ್ಲೇ ಪೋರ್ಟ್: ನೋಡಲು ಎಚ್.ಡಿ.ಎಂ.ಐ.ಯಂತೆ, ಒಂದು ಮೂಲೆ ಮಾತ್ರ ಓರೆ. ಮಾನಿಟರುಗಳಲ್ಲಿ ಇರುತ್ತದೆ, ಟಿ.ವಿ.ಗಳಲ್ಲಿ ಕಾಣಸಿಗುವುದು ಅಪರೂಪ.

ಟೈಪ್ ಸಿ: ಈಗಿನ ಮೊಬೈಲ್ ಚಾರ್ಜರಿನ ಕಿಂಡಿ. ಲ್ಯಾಪ್‌ಟಾಪಿನಲ್ಲಿ ಇದು ಇದ್ದ ಮಾತ್ರಕ್ಕೆ ಚಿತ್ರ ಹೊರಡುತ್ತದೆ ಎಂದು ತಿಳಿಯಬೇಡಿ. ಕೆಲವು ಕಿಂಡಿಗಳು ಚಾರ್ಜಿಗೆ ಮತ್ತು ಕಡತ ಸಾಗಿಸುವುದಕ್ಕೆ ಮಾತ್ರ. ಪಕ್ಕದಲ್ಲಿ ಡಿಸ್‌ಪ್ಲೇ ಪೋರ್ಟಿನ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಚಿತ್ರವೂ ಬರುತ್ತದೆ. ಇಲ್ಲವಾದರೆ ಲ್ಯಾಪ್‌ಟಾಪಿನ ಮಾಡೆಲ್ ಸಂಖ್ಯೆ ಹುಡುಕಿ ತಯಾರಕರ ಪುಟದಲ್ಲಿ ನೋಡಿಕೊಳ್ಳಿ.

ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಜೋಡಣೆ ಇದು: ಕಂಪ್ಯೂಟರಿನಲ್ಲಿ ಒಂದು ವಿ.ಜಿ.ಎ., ಒಂದು ಎಚ್.ಡಿ.ಎಂ.ಐ., ಮಾನಿಟರ್ ಹಳೆಯದು. ಹಾಗಿದ್ದರೆ ಮಾನಿಟರನ್ನು ವಿ.ಜಿ.ಎ.ಯಲ್ಲೇ ಬಿಟ್ಟು ಎಚ್.ಡಿ.ಎಂ.ಐ.ಯನ್ನು ಟಿ.ವಿ.ಗೆ ಕೊಡಿ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ, ಕೇಬಲ್ ಒಂದನ್ನು ಬಿಟ್ಟು.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ.

ಒಂದು, ಗ್ರಾಫಿಕ್ಸ್ ಕಾರ್ಡ್. ಪೆಟ್ಟಿಗೆಯ ಹಿಂದೆ ಮೇಲ್ಭಾಗದಲ್ಲಿ ಯು.ಎಸ್.ಬಿ. ಕಿಂಡಿಗಳ ಜೊತೆಯಲ್ಲಿರುವುದು ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಮುಖ್ಯ ಹಲಗೆಯ, ಕಿಂಡಿಗಳು. ಕೆಳಗೆ ಅಡ್ಡಲಾಗಿ ಇನ್ನೊಂದು ಪಟ್ಟಿಯಿದ್ದು ಅದರಲ್ಲೂ ಚಿತ್ರದ ಕಿಂಡಿಗಳಿದ್ದರೆ ಅದು ಚಿತ್ರ ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಮೇಲಿನ ಕಿಂಡಿಗಳು ಹೆಚ್ಚಾಗಿ ಮಲಗಿರುತ್ತವೆ. ಎರಡೂ ಕೇಬಲನ್ನು ಕಾರ್ಡಿಗೇ ಕೊಡಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರೊಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ. ಮೇಲಿನ ಕಿಂಡಿಗೆ ಎಷ್ಟು ಸಲ ಚುಚ್ಚಿದರೂ ಪ್ರಯೋಜನವಿಲ್ಲ.

ಎರಡು, ಸ್ಪ್ಲಿಟರ್. ಒಂದು ಎಚ್.ಡಿ.ಎಂ.ಐ.ಯನ್ನು ಎರಡು ಮಾಡುವ ಸಣ್ಣ ಪೆಟ್ಟಿಗೆ ಇದು. ‘ಎರಡು ಪರದೆ ಬೇಕು’ ಎಂದರೆ ಅಂಗಡಿಯವರು ಇದನ್ನೇ ಕೈಗಿಡುವುದುಂಟು. ಒಂದೇ ಚಿತ್ರವನ್ನು ಎರಡು ಕಡೆ ತೋರಿಸುವುದಷ್ಟೇ ಇದರ ಕೆಲಸ. ಮಾನಿಟರಿನಲ್ಲಿ ಲೆಕ್ಕ, ಟಿ.ವಿ.ಯಲ್ಲಿ ವೀಡಿಯೊ ಎಂದು ಬೇರೆ ಬೇರೆ ತೋರಿಸಲು ಇದಕ್ಕೆ ಬಾರದು. ಅದಕ್ಕೆ ಕಂಪ್ಯೂಟರಿನಲ್ಲಿಯೇ ಚಿತ್ರ ಹೊರಡುವ ಎರಡು ಕಿಂಡಿ ಬೇಕು.

ಮೂರು, ಪರಿವರ್ತಕ. ಡಿಸ್‌ಪ್ಲೇ ಪೋರ್ಟಿನಿಂದ ಎಚ್.ಡಿ.ಎಂ.ಐ.ಗೆ ಹೋಗುವ ಪರಿವರ್ತಕಗಳು ಒಂದೇ ದಿಕ್ಕಿನವು. ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ಹೋಗಬೇಕಾದರೆ ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು, ಎರಡು ತುದಿ ಜೋಡಿಸಿದ ಬರಿಯ ಕೇಬಲ್ ಸಾಲದು. ಅಗ್ಗದ ಟೈಪ್ ಸಿ ಪರಿವರ್ತಕಗಳ ಮೇಲೆ ‘4ಕೆ’ ಎಂದು ದೊಡ್ಡದಾಗಿಯೂ ‘30 ಹರ್ಟ್ಸ್’ ಎಂದು ಸಣ್ಣದಾಗಿಯೂ ಬರೆದಿರುತ್ತದೆ. ಸಣ್ಣದನ್ನು ಓದಿ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ. 30 ಆದರೆ ಮೌಸಿನ ಬಾಣ ಕುಂಟುತ್ತದೆ, 60 ಇರಲಿ.

ಹಂತ 2: ಅಳತೆ, ಕೇಬಲ್, ದಾರಿ

ಕೋಣೆಯ ಮೇಜಿನಿಂದ ಚಾವಡಿಯ ಟಿ.ವಿ.ವರೆಗಿನ ದೂರವನ್ನು ಹಗ್ಗ ಹಿಡಿದು ಅಳೆಯಿರಿ. ಬಾಗಿಲ ಚೌಕಟ್ಟಿನ ಮೇಲೆ ಏರಿ ಇಳಿಯುವುದನ್ನೂ ಸೇರಿಸಿ. ಬಂದ ಅಳತೆಗೆ ಒಂದು ಮೀಟರ್ ಕೂಡಿಸಿ.

ಸುಮಾರು 5 ಮೀಟರಿನೊಳಗೆ ಮುಗಿದರೆ ಸಾಮಾನ್ಯ ತಾಮ್ರದ ಕೇಬಲ್ ಸಾಕು. ಟಿ.ವಿ. ಫುಲ್ ಎಚ್.ಡಿ. (ಅಡ್ಡಕ್ಕೆ 1920 ಚುಕ್ಕಿ) ಆಗಿದ್ದರೆ ‘ಹೈ ಸ್ಪೀಡ್’ ಎಂದು ಬರೆದ ಕೇಬಲ್, 4ಕೆ (ಅಡ್ಡಕ್ಕೆ 3840 ಚುಕ್ಕಿ) ಟಿ.ವಿ. ಆಗಿದ್ದು 60 ಹರ್ಟ್ಸ್ ಬೇಕಿದ್ದರೆ ‘ಪ್ರೀಮಿಯಂ ಹೈ ಸ್ಪೀಡ್’ ಎಂದು ಬರೆದದ್ದು. ಚಿನ್ನದ ಲೇಪ, ಬಟ್ಟೆಯ ಹೊದಿಕೆ ಎಂದು ಎರಡು ಪಟ್ಟು ಬೆಲೆ ತೆರಬೇಡಿ. ಅಂಕಿಗಳ ರೂಪದಲ್ಲಿ ಹೋಗುವ ಚಿತ್ರ ಒಂದೋ ಸರಿಯಾಗಿ ಬರುತ್ತದೆ, ಇಲ್ಲವೇ ಮಿನುಗಿ ಕಡಿದುಹೋಗುತ್ತದೆ. ದುಬಾರಿ ಕೇಬಲಿನಿಂದ ಬಣ್ಣ ಹೆಚ್ಚು ಸೊಗಸಾಗುವುದಿಲ್ಲ.

ಹತ್ತು ಮೀಟರ್ ಮೀರಿದರೆ ದಾರಿ ಬೇರೆ. ಚಿತ್ರವನ್ನು ಬೆಳಕಾಗಿಸಿ ಸಾಗಿಸುವ ಫೈಬರ್ ಎಚ್.ಡಿ.ಎಂ.ಐ. ಕೇಬಲ್ ಸಿಗುತ್ತದೆ. ಬೆಲೆ ಹೆಚ್ಚು, ಆದರೆ ಉದ್ದಕ್ಕೆ ನಂಬಿಕಸ್ಥ. ಇದಕ್ಕೆ ದಿಕ್ಕು ಇದೆ: ‘ಸೋರ್ಸ್’ ಎಂದು ಬರೆದ ತುದಿ ಕಂಪ್ಯೂಟರಿಗೆ, ‘ಡಿಸ್‌ಪ್ಲೇ’ ಎಂದು ಬರೆದ ತುದಿ ಟಿ.ವಿ.ಗೆ. ಗೋಡೆಯೊಳಗೆ ಹೂತು ಗಾರೆ ಮೆತ್ತಿದ ಮೇಲೆ ತುದಿ ಅದಲುಬದಲಾದದ್ದು ಗೊತ್ತಾದರೆ ಏನು ಮಾಡುತ್ತೀರಿ? ಆದ್ದರಿಂದ ಯಾವ ಕೇಬಲೇ ಆಗಲಿ, ಮೊದಲು ನೆಲದ ಮೇಲೆ ಹಾಸಿ, ಎರಡೂ ಪರದೆಗಳಲ್ಲಿ ಚಿತ್ರ ಬಂದದ್ದನ್ನು ನೋಡಿ, ಆಮೇಲೆ ಪೈಪಿನೊಳಗೆ ತೂರಿಸಿ.

ನಮ್ಮ ಮುರಕಲ್ಲಿನ ಗೋಡೆಯನ್ನು ಕೊರೆಯುವುದು ಸುಲಭ, ನೇರವಾಗಿ ಕೊರೆಯುವುದು ಕಷ್ಟ. ಕಲ್ಲಿನೊಳಗಿನ ಪೊಳ್ಳು ಸಿಕ್ಕರೆ ಡ್ರಿಲ್ ತನ್ನಷ್ಟಕ್ಕೆ ಅತ್ತ ಓಡುತ್ತದೆ. ಕೇಬಲಿನ ತಲೆ ಹಾದುಹೋಗಬೇಕಾದ್ದರಿಂದ ಒಂದು ಇಂಚಿಗಿಂತ ಸಣ್ಣ ಪೈಪ್ ಬೇಡ. ಕರೆಂಟಿನ ವೈರ್ ಇರುವ ಪೈಪಿನಲ್ಲೇ ಇದನ್ನೂ ತುರುಕಬೇಡಿ. ಮೂಲೆಗಳಲ್ಲಿ ಮಡಚದೆ ಬಾಗಿಸಿ.

ವೈರಿಲ್ಲದೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ವಿಂಡೋಸಿನಲ್ಲಿ ವಿಂಡೋಸ್ ಕೀಲಿಯ ಜೊತೆ ‘ಕೆ’ ಒತ್ತಿದರೆ ಹತ್ತಿರದ ಟಿ.ವಿ.ಗಳ ಪಟ್ಟಿ ಬರುತ್ತದೆ. ಫೋಟೊ ತೋರಿಸಲು ಸಾಕು. ಕೆಲಸಕ್ಕೆ ಬೇಡ, ಮೌಸ್ ಅಲ್ಲಾಡಿಸಿದ ಮೇಲೆ ಬಾಣ ಯೋಚಿಸಿ ಹೊರಡುತ್ತದೆ, ನಡುವೆ ದಪ್ಪ ಗೋಡೆಯಿದ್ದರೆ ಹೊರಡುವುದೂ ಇಲ್ಲ.

ಹಂತ 3: ಕರೆಂಟು ಮತ್ತು ಅರ್ತ್

ಈ ಹಂತವನ್ನು ಹಾರಿಸಬೇಡಿ. ಟಿ.ವಿ.ಯ ಹಿಂದೆ ಕೈ ಹಾಕಿದಾಗ ಬೆರಳು ‘ಜುಮ್’ ಎಂದ ಅನುಭವ ನಿಮಗೂ ಇರಬಹುದು. ಅರ್ತ್ ಇಲ್ಲದ ಎರಡು ಕಡ್ಡಿಯ ಪ್ಲಗ್ಗಿನ ಸಾಧನಗಳಲ್ಲಿ, ಒಳಗಿನ ಸೋಸು ಕೆಪಾಸಿಟರುಗಳ ಮೂಲಕ ಅತಿ ಸಣ್ಣ ಸೋರಿಕೆಯ ಕರೆಂಟು ಲೋಹದ ಭಾಗಗಳಿಗೆ ಬರುತ್ತದೆ. ನಮ್ಮ 230 ವೋಲ್ಟಿನ ಸರಿಸುಮಾರು ಅರ್ಧದಷ್ಟು ವೋಲ್ಟೇಜು ಅಲ್ಲಿ ತೇಲುತ್ತಿರುತ್ತದೆ. ಕರೆಂಟು ತೀರ ಕಡಿಮೆಯಾದ್ದರಿಂದ ಮನುಷ್ಯನಿಗೆ ಬರಿಯ ಜುಮ್ಮು. ಆದರೆ ಒಂದು ಬದಿಯಲ್ಲಿ ಡಿಶ್ ಕೇಬಲಿನ ಮೂಲಕ ಮಾಡಿನ ಮೇಲಿನ ತಟ್ಟೆಗೆ ತಾಗಿದ ಟಿ.ವಿ., ಇನ್ನೊಂದು ಬದಿಯಲ್ಲಿ ಬೇರೆ ಕೋಣೆಯ ಪ್ಲಗ್ಗಿನಿಂದ ಕರೆಂಟು ಪಡೆದ ಕಂಪ್ಯೂಟರ್; ಇವೆರಡನ್ನೂ ಎಚ್.ಡಿ.ಎಂ.ಐ. ಕೇಬಲ್ ಮೊದಲ ಸಲ ಮುಟ್ಟುವ ಗಳಿಗೆಯಲ್ಲಿ ಆ ವ್ಯತ್ಯಾಸವೆಲ್ಲ ಕಿಂಡಿಯ ಮೂಲಕ ಹಾಯುತ್ತದೆ. ಎಚ್.ಡಿ.ಎಂ.ಐ. ಕಿಂಡಿ ಸುಟ್ಟುಹೋಗಲು ಇಷ್ಟು ಸಾಕು.

ಹಾಗಾಗಿ:

ಕಂಪ್ಯೂಟರ್ ಇರುವ ಪ್ಲಗ್ ಮೂರು ಕಡ್ಡಿಯದೇ ಆಗಿರಲಿ, ಮೂರನೆಯ ತೂತಿಗೆ ನಿಜವಾಗಿಯೂ ಅರ್ತ್ ಬಂದಿದೆಯೇ ಎಂದು ವೈರಿಂಗ್ ಮಾಡುವವರಿಂದ ಅಳೆಸಿ. ಹಳೆಯ ಮನೆಗಳಲ್ಲಿ ತೂತು ಇರುತ್ತದೆ, ಹಿಂದೆ ತಂತಿ ಇರುವುದಿಲ್ಲ. ನಮ್ಮ ಮುರಮಣ್ಣು ಬೇಸಗೆಯಲ್ಲಿ ಒಣಗಿದಾಗ ಅರ್ತ್ ಸೊರಗುತ್ತದೆ. ಅರ್ತಿನ ಗುಂಡಿಗೆ ಮಾರ್ಚ್, ಏಪ್ರಿಲಿನಲ್ಲಿ ಆಗಾಗ ನೀರು ಹೊಯ್ಯಿರಿ.

ಸಾಧ್ಯವಾದರೆ ಕಂಪ್ಯೂಟರ್, ಮಾನಿಟರ್, ಟಿ.ವಿ. ಮೂರಕ್ಕೂ ಒಂದೇ ಸರ್ಕ್ಯೂಟಿನಿಂದ ಕರೆಂಟು ಬರಲಿ.

ಮೊದಲ ಸಲ ಕೇಬಲ್ ಜೋಡಿಸುವಾಗ ಮೂರರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿರಿ. ಸ್ವಿಚ್ ಆರಿಸಿದರೆ ಸಾಲದು. ಡಿಶ್ ಕೇಬಲನ್ನೂ ಕಳಚಿರಿ.

ಯು.ಪಿ.ಎಸ್. ಇದ್ದರೆ ಅದಕ್ಕೆ ಕಂಪ್ಯೂಟರ್ ಮತ್ತು ಮಾನಿಟರ್ ಮಾತ್ರ. ಸಾಮಾನ್ಯವಾಗಿ ಸಿಗುವ 600 ವಿ.ಎ. ಯು.ಪಿ.ಎಸ್. ಕೊಡಬಲ್ಲದ್ದು ಸುಮಾರು 360 ವ್ಯಾಟ್. ಟಿ.ವಿ.ಯನ್ನೂ ಅದಕ್ಕೇ ಹೊರಿಸಿದರೆ ಕರೆಂಟು ಹೋದಾಗ ಕಡತ ಉಳಿಸಿಕೊಳ್ಳಲು ಸಿಗುವ ಹೊತ್ತು ಇನ್ನಷ್ಟು ಕಡಿಮೆಯಾಗುತ್ತದೆ.

ಹಂತ 4: ಜೋಡಿಸಿ, ಹಚ್ಚಿ

ಇದು ಸಣ್ಣ ಹಂತ. ಮಾನಿಟರಿನ ಕೇಬಲ್, ಟಿ.ವಿ.ಯ ಕೇಬಲ್ ಎರಡನ್ನೂ ಕೂರಿಸಿ. ಟಿ.ವಿ.ಯ ಯಾವ ಕಿಂಡಿಗೆ ಹಾಕಿದಿರಿ ಎಂಬ ಸಂಖ್ಯೆ ಬರೆದುಕೊಳ್ಳಿ. ‘ಎ.ಆರ್.ಸಿ.’ ಎಂದು ಬರೆದಿರುವ ಕಿಂಡಿ ಸೌಂಡ್‌ಬಾರಿಗೆ ಬೇಕಾಗುತ್ತದೆ, ಅದನ್ನು ಬಿಟ್ಟು ಬೇರೆಯದಕ್ಕೆ ಹಾಕಿ. ಟಿ.ವಿ.ಯ ಯು.ಎಸ್.ಬಿ. ಕಿಂಡಿಗೆ ಕಂಪ್ಯೂಟರನ್ನು ಜೋಡಿಸಿದರೆ ಚಿತ್ರ ಬಾರದು. ಅದು ಪೆನ್ ಡ್ರೈವಿಗೆ.

ಪ್ಲಗ್ ಹಾಕಿ ಮೊದಲು ಟಿ.ವಿ., ಮಾನಿಟರ್, ಕೊನೆಗೆ ಕಂಪ್ಯೂಟರನ್ನು ಹಚ್ಚಿ. ಟಿ.ವಿ. ತಾನು ಎಷ್ಟು ದೊಡ್ಡ ಚಿತ್ರ ತೋರಿಸಬಲ್ಲೆ ಎಂಬುದನ್ನು ಕೇಬಲಿನ ಮೂಲಕವೇ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ಏಳುವಾಗ ಟಿ.ವಿ. ಎಚ್ಚರವಿದ್ದರೆ ಈ ಮಾತುಕತೆ ಸರಿಯಾಗಿ ನಡೆಯುತ್ತದೆ. ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ, ಬರೆದಿಟ್ಟ ಸಂಖ್ಯೆಯ ಎಚ್.ಡಿ.ಎಂ.ಐ. ಆರಿಸಿ. ‘ನೋ ಸಿಗ್ನಲ್’ ಎಂಬ ದೂರಿನ ಕರೆಗಳಲ್ಲಿ ಬಹಳಷ್ಟು ಇಲ್ಲಿಯೇ ಬಗೆಹರಿಯುತ್ತವೆ.

ಹಂತ 5: ಎರಡು ಪರದೆಗಳ ಸಂಬಂಧ ಗೊತ್ತುಮಾಡಿ

ವಿಂಡೋಸ್ ಕೀಲಿ ಮತ್ತು ‘ಪಿ’ ಒಟ್ಟಿಗೆ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ: ಕಂಪ್ಯೂಟರ್ ಪರದೆ ಮಾತ್ರ, ಡೂಪ್ಲಿಕೇಟ್, ಎಕ್ಸ್‌ಟೆಂಡ್, ಎರಡನೆಯ ಪರದೆ ಮಾತ್ರ.

ಡೂಪ್ಲಿಕೇಟ್ ಎಂದರೆ ಎರಡರಲ್ಲೂ ಒಂದೇ ಚಿತ್ರ. ಸುಲಭವೆಂದು ಎಲ್ಲರೂ ಇದನ್ನೇ ಒತ್ತುತ್ತಾರೆ, ಆಮೇಲೆ ‘ಮಾನಿಟರ್ ಮಸುಕಾಯಿತು’ ಎನ್ನುತ್ತಾರೆ. ಎರಡೂ ಪರದೆಗಳಿಗೆ ಹೊಂದುವ ಒಂದೇ ಅಳತೆಗೆ ಚಿತ್ರ ಇಳಿಯಬೇಕಾಗುವುದೇ ಕಾರಣ. ನಿಮ್ಮ ಒಳ್ಳೆಯ ಮಾನಿಟರ್ ಟಿ.ವಿ.ಯ ಮಟ್ಟಕ್ಕೆ ಬರುತ್ತದೆ. ಎಕ್ಸ್‌ಟೆಂಡ್ ಆರಿಸಿ. ಆಗ ಟಿ.ವಿ. ನಿಮ್ಮ ಮೇಜಿಗೆ ಸೇರಿಸಿದ ಇನ್ನೊಂದು ಹಲಗೆಯಾಗುತ್ತದೆ, ಕಿಟಕಿಗಳನ್ನು ಅತ್ತ ಎಳೆದು ಬಿಡಬಹುದು. ಡಿ.ಟಿ.ಪಿ. ಅಂಗಡಿಯವರಿಗಂತೂ ಇದೇ ಸರಿ: ಕರಡು ಗಿರಾಕಿಯ ಕಣ್ಣಿಗೆ, ಬೇರೆ ಗಿರಾಕಿಗಳ ಲೆಕ್ಕ ನಿಮ್ಮ ಕಣ್ಣಿಗೆ.

ಈಗ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ ತೆರೆಯಿರಿ. ಅಲ್ಲಿ 1, 2 ಎಂದು ಬರೆದ ಎರಡು ಚೌಕಗಳಿವೆ. ಟಿ.ವಿ. ನಿಮ್ಮ ಎಡಕ್ಕಿದ್ದರೆ ಅದರ ಚೌಕವನ್ನು ಎಡಕ್ಕೆ ಎಳೆದಿಡಿ. ಹಾಗೆ ಮಾಡದಿದ್ದರೆ ಮೌಸಿನ ಬಾಣ ಬಲಗಡೆಯ ಅಂಚಿನಿಂದ ಹೊರಟು ಎಡಗಡೆಯ ಟಿ.ವಿ.ಯಲ್ಲಿ ಹಣಕುತ್ತದೆ. ಮಾನಿಟರಿನ ಚೌಕವನ್ನು ಆರಿಸಿ ‘ಮುಖ್ಯ ಪರದೆ’ ಮಾಡುವ ಗುರುತು ಹಾಕಿ.

ಅದೇ ಪುಟದಲ್ಲಿ ರೆಸಲ್ಯೂಶನ್, ಅಂದರೆ ಪರದೆಯ ಚುಕ್ಕಿಗಳ ಲೆಕ್ಕ. ‘ರೆಕಮೆಂಡೆಡ್’ ಎಂದು ಬರೆದಿರುವುದನ್ನು ಆರಿಸಿ. ಸ್ಕೇಲ್ ಎಂದರೆ ಅಕ್ಷರ ಮತ್ತು ಗುಂಡಿಗಳನ್ನು ಎಷ್ಟು ಹಿಗ್ಗಿಸಬೇಕು ಎಂಬುದು. ಇದು ಎರಡೂ ಪರದೆಗಳಿಗೆ ಬೇರೆ ಬೇರೆ ಇರಬಹುದು. ಮಾನಿಟರಿಗೆ 100, ಫುಲ್ ಎಚ್.ಡಿ. ಟಿ.ವಿ.ಗೆ 150, 4ಕೆ ಟಿ.ವಿ.ಗೆ 300 ಶೇಕಡದಿಂದ ಶುರುಮಾಡಿ, ಕುಳಿತುಕೊಳ್ಳುವ ಜಾಗದಿಂದ ಓದಿ ನೋಡಿ, ಏರಿಸಿ ಇಳಿಸಿ.

ಉಬುಂಟು ಬಳಸುವವರು ಸೆಟ್ಟಿಂಗ್ಸಿನಲ್ಲಿ ಡಿಸ್‌ಪ್ಲೇಸ್ ತೆರೆದು ‘ಜಾಯಿನ್’ ಆರಿಸಿದರೆ ಎಕ್ಸ್‌ಟೆಂಡ್ ಆದಂತೆ, ‘ಮಿರರ್’ ಆರಿಸಿದರೆ ಡೂಪ್ಲಿಕೇಟ್. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಡುವ ವ್ಯವಸ್ಥೆಯೂ ಉಬುಂಟುವಿನ ಮೇಲೆಯೇ ಕಟ್ಟಿದ್ದಾದ್ದರಿಂದ ಅಧ್ಯಾಪಕರಿಗೆ ಈ ದಾರಿ ಪರಿಚಿತವೇ. ತರಗತಿಯಲ್ಲಿ ಮಾತ್ರ ಮಿರರ್ ಅನುಕೂಲ. ಮಕ್ಕಳು ನೋಡುವುದು ನಿಮಗೂ ಕಾಣಬೇಕಲ್ಲ.

ಹಂತ 6: ಟಿ.ವಿ.ಗೆ ಸುಮ್ಮನಿರಲು ಕಲಿಸಿ

ಇಲ್ಲಿಯವರೆಗಿನದು ಯಾರಾದರೂ ಮಾಡಿಕೊಡುತ್ತಾರೆ. ಇದನ್ನು ನೀವೇ ಮಾಡಬೇಕು, ಯಾಕೆಂದರೆ ನಿಮ್ಮ ಕಣ್ಣೇ ಅಳತೆಗೋಲು.

ನೋಟ್‌ಪ್ಯಾಡ್ ತೆರೆದು ಈ ಅಕ್ಷರಗಳನ್ನು ಟೈಪ್ ಮಾಡಿ ಟಿ.ವಿ.ಗೆ ಎಳೆಯಿರಿ: ರ ಠ, ದ ಧ ಥ, ಡ ಢ, ಪ ಫ ಷ, ರಾಷ್ಟ್ರ, ಸ್ತ್ರೀ, ಸ್ವಾತಂತ್ರ್ಯ, ವೈಶಿಷ್ಟ್ಯ. ಇಂಗ್ಲಿಷ್ ಅಕ್ಷರಗಳಿಗೆ ಹೊಂದಿಸಿದ ಟಿ.ವಿ. ಕನ್ನಡದಲ್ಲಿ ಸೋಲುವುದು ಇಲ್ಲಿ. ಠ ಮತ್ತು ಥ ಅಕ್ಷರಗಳೊಳಗಿನ ಚುಕ್ಕಿ, ಧ ಅಕ್ಷರದ ಹೊಟ್ಟೆಯ ಸೀಳು, ಒತ್ತಿನ ಕೆಳಗೆ ಇನ್ನೊಂದು ಒತ್ತು, ಇವಿಷ್ಟೂ ಕುಳಿತ ಜಾಗದಿಂದ ಬೇರೆ ಬೇರೆಯಾಗಿ ಕಾಣಬೇಕು. ಕೆಳಗಿನ ಒಂದೊಂದು ಬದಲಾವಣೆ ಮಾಡಿದಾಗಲೂ ಈ ಸಾಲನ್ನೇ ಓದಿ.

ಅಂಚು ಕತ್ತರಿಸಿಹೋಗುವುದು: ವಿಂಡೋಸಿನ ಕೆಳಗಿನ ಪಟ್ಟಿ ಅರ್ಧ ಮಾತ್ರ ಕಾಣುತ್ತದೆಯೇ? ಇದರ ಹೆಸರು ಓವರ್‌ಸ್ಕ್ಯಾನ್. ಡಬ್ಬದಂಥ ಹಳೆಯ ಟಿ.ವಿ.ಗಳಲ್ಲಿ ಚಿತ್ರದ ಅಂಚು ಸೊಟ್ಟಗಿರುತ್ತಿದ್ದುದರಿಂದ ಅದನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಡಬ್ಬ ಹೋಯಿತು, ಅಭ್ಯಾಸ ಉಳಿಯಿತು. ಟಿ.ವಿ.ಯ ಚಿತ್ರದ ಸೆಟ್ಟಿಂಗಿನಲ್ಲಿ ‘ಆಸ್ಪೆಕ್ಟ್’ ಅಥವಾ ‘ಪಿಕ್ಚರ್ ಸೈಜ್’ ತೆರೆದು ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಆರಿಸಿ. ಕಂಪನಿಗೊಂದು ಹೆಸರು, ಕೆಲಸ ಒಂದೇ. ಕಂಪ್ಯೂಟರಿನ ಬದಿಯಿಂದ ಚಿತ್ರವನ್ನು ಕುಗ್ಗಿಸಿ ಹೊಂದಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದರಿಂದ ಅಂಚು ಬರುತ್ತದೆ, ಅಕ್ಷರ ಕದಡುತ್ತದೆ. ಟಿ.ವಿ.ಯಲ್ಲೇ ಸರಿಪಡಿಸಿ.

ಇನ್‌ಪುಟ್‌ಗೆ ‘ಪಿ.ಸಿ.’ ಎಂದು ಹೆಸರಿಡುವುದು: ಕೇಳಲು ತಮಾಷೆ, ಆದರೆ ಇದರಷ್ಟು ಗುಣ ತೋರಿಸುವ ಮದ್ದು ಇನ್ನೊಂದಿಲ್ಲ. ಟಿ.ವಿ.ಗಳು ಹೊರೆ ಇಳಿಸಿಕೊಳ್ಳಲು ಪ್ರತಿ ಚುಕ್ಕಿಯ ಬೆಳಕನ್ನು ಉಳಿಸಿಕೊಂಡು ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ ಹಂಚುವುದುಂಟು. ವೇಷದ ಕಿರೀಟದಲ್ಲಿ ಇದು ಗೊತ್ತಾಗುವುದಿಲ್ಲ, ಬಣ್ಣದ ಹಿನ್ನೆಲೆಯ ಮೇಲಿನ ಸಣ್ಣ ಅಕ್ಷರದಲ್ಲಿ ಗೊತ್ತಾಗುತ್ತದೆ. ಅಂಚು ಹಿಂಜಿದ ಹತ್ತಿಯಂತೆ ಕಾಣುತ್ತದೆ. ಸ್ಯಾಮ್‌ಸಂಗ್, ಎಲ್‌ಜಿಯ ಹಲವು ಟಿ.ವಿ.ಗಳಲ್ಲಿ ಸೋರ್ಸ್ ಪಟ್ಟಿಯಲ್ಲಿ ಆ ಎಚ್.ಡಿ.ಎಂ.ಐ.ಯನ್ನು ಎಡಿಟ್ ಮಾಡಿ ಅದರ ಹೆಸರನ್ನೋ ಚಿತ್ರವನ್ನೋ ‘ಪಿ.ಸಿ.’ ಎಂದು ಬದಲಿಸಿದರೆ ಟಿ.ವಿ. ಈ ಮಿತವ್ಯಯವನ್ನು ನಿಲ್ಲಿಸುತ್ತದೆ. ಸೌಲಭ್ಯ ಇಲ್ಲದ ಟಿ.ವಿ.ಗಳಲ್ಲಿ ‘ಗೇಮ್ ಮೋಡ್’ ಹಾಕಿ. ಬಾಣ ತಡವಾಗಿ ಚಲಿಸುವ ತೊಂದರೆಯೂ ಅದರಿಂದ ಕಡಿಮೆಯಾಗುತ್ತದೆ.

4ಕೆ ಟಿ.ವಿ.ಯಲ್ಲಿ ಇನ್ನೊಂದು ಬೀಗ ಇದೆ. 60 ಹರ್ಟ್ಸ್ ಆಯ್ಕೆ ಕಂಪ್ಯೂಟರಿನಲ್ಲಿ ಕಾಣಿಸದಿದ್ದರೆ ಟಿ.ವಿ.ಯೊಳಗೆ ‘ಇನ್‌ಪುಟ್ ಸಿಗ್ನಲ್ ಪ್ಲಸ್’ (ಸ್ಯಾಮ್‌ಸಂಗ್), ‘ಡೀಪ್ ಕಲರ್’ (ಎಲ್‌ಜಿ), ‘ಎನ್‌ಹಾನ್ಸ್‌ಡ್ ಫಾರ್ಮ್ಯಾಟ್’ (ಸೋನಿ) ಹುಡುಕಿ, ಆ ಕಿಂಡಿಗೆ ಚಾಲೂ ಮಾಡಿ.

ಶಾರ್ಪ್‌ನೆಸ್: ಹೆಸರು ನೋಡಿ ಮೋಸಹೋಗಬೇಡಿ. ಏರಿಸಿದಷ್ಟೂ ಅಕ್ಷರದ ಸುತ್ತ ಬಿಳಿಯ ನೆರಳು ಮೂಡುತ್ತದೆ, ಥ ಅಕ್ಷರದ ಚುಕ್ಕಿ ಅದರಲ್ಲಿ ಮುಳುಗುತ್ತದೆ. ಆ ನೆರಳು ಮಾಯವಾಗುವವರೆಗೆ ಇಳಿಸಿ. ಹಾಗೆಯೇ ‘ನಾಯ್ಸ್ ರಿಡಕ್ಷನ್’, ‘ಮೋಷನ್’ ಎಂಬ ಹೆಸರಿನಲ್ಲಿ ಶುರುವಾಗುವ ಎಲ್ಲವನ್ನೂ ಈ ಇನ್‌ಪುಟ್‌ಗೆ ಬಂದ್ ಮಾಡಿ. ‘ವಿವಿಡ್’ ಮೋಡಿನಲ್ಲಿ ಮದುವೆ ಕಾಗದದ ಕುಂಕುಮ ಬಣ್ಣ ಗಿರಾಕಿಗೆ ಬೆಂಕಿಯಂತೆ ಕಾಣುತ್ತದೆ, ಅಚ್ಚಾಗಿ ಬಂದಾಗ ಜಗಳವಾಗುತ್ತದೆ. ‘ಸಿನಿಮಾ’ ಅಥವಾ ‘ಸ್ಟ್ಯಾಂಡರ್ಡ್’ ಇರಲಿ.

ಕಪ್ಪು ಬೂದಿಯಾಗುವುದು: ಕಪ್ಪು ಬಣ್ಣ ಬೂದಿಯಂತೆ ಕಂಡರೆ, ಇಲ್ಲವೇ ರಾತ್ರಿಯ ದೃಶ್ಯಗಳೆಲ್ಲ ಮಸಿಯ ಮುದ್ದೆಯಾದರೆ, ಕಂಪ್ಯೂಟರ್ ಮತ್ತು ಟಿ.ವಿ. ಬೇರೆ ಬೇರೆ ಅಳತೆಯಲ್ಲಿ ಕಪ್ಪನ್ನು ಎಣಿಸುತ್ತಿವೆ ಎಂದರ್ಥ. ಒಂದು 0ಯಿಂದ 255ರವರೆಗೆ, ಇನ್ನೊಂದು 16ರಿಂದ 235ರವರೆಗೆ. ಟಿ.ವಿ.ಯಲ್ಲಿ ‘ಬ್ಲ್ಯಾಕ್ ಲೆವೆಲ್’ ಅಥವಾ ‘ಎಚ್.ಡಿ.ಎಂ.ಐ. ರೇಂಜ್’ ಬದಲಿಸಿ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಅಕ್ಷರ ಮಾನಿಟರಿನಷ್ಟು ತೀಕ್ಷ್ಣವಾಗದಿದ್ದರೆ ನಿಮ್ಮ ತಪ್ಪಲ್ಲ, ಲೆಕ್ಕವೇ ಹಾಗಿದೆ. 24 ಇಂಚಿನ ಫುಲ್ ಎಚ್.ಡಿ. ಮಾನಿಟರಿನಲ್ಲಿ ಇಂಚಿಗೆ ಸುಮಾರು 92 ಚುಕ್ಕಿಗಳು. ಅಷ್ಟೇ ಚುಕ್ಕಿಗಳನ್ನು 43 ಇಂಚಿನ ಟಿ.ವಿ.ಗೆ ಹರಡಿದರೆ ಇಂಚಿಗೆ 51. ‘ಎಚ್.ಡಿ. ರೆಡಿ’ ಎಂದು ಮಾರುವ 32 ಇಂಚಿನ ಟಿ.ವಿ.ಯಲ್ಲಿ ಅಡ್ಡಕ್ಕೆ ಇರುವುದೇ 1366 ಚುಕ್ಕಿ, ಇಂಚಿಗೆ 49. ಇಂಥ ಟಿ.ವಿ.ಗಳು 1920 ಚುಕ್ಕಿಯ ಚಿತ್ರವನ್ನೂ ಒಪ್ಪಿಕೊಳ್ಳುತ್ತವೆ, ಆದರೆ ಒಳಗೆ ಕುಗ್ಗಿಸಿ ತೋರಿಸುತ್ತವೆ. ಅವುಗಳ ಮೇಲೆ ವೀಡಿಯೊ ನೋಡಿ, ಕಾಗದಪತ್ರ ಓದಲು ಹೋಗಬೇಡಿ. ಹೊಸದಾಗಿ ಕೊಳ್ಳುವವರಿಗೆ ಮಾತ್ರ ಹೇಳುತ್ತೇನೆ: ಅಕ್ಷರ ಓದುವ ಉದ್ದೇಶವಿದ್ದರೆ 43 ಇಂಚಿನ 4ಕೆ ಟಿ.ವಿ. ತೆಗೆದುಕೊಳ್ಳಿ. ಇಂಚಿಗೆ 102 ಚುಕ್ಕಿ ಸಿಗುತ್ತದೆ, ಮಾನಿಟರಿಗಿಂತ ಹೆಚ್ಚು.

ಹಂತ 7: ಧ್ವನಿ, ಕ್ಯಾಮರಾ

ಎಚ್.ಡಿ.ಎಂ.ಐ. ಜೋಡಿಸಿದ ಕೂಡಲೇ ಧ್ವನಿ ನಿಮ್ಮನ್ನು ಕೇಳದೆಯೇ ಟಿ.ವಿ.ಗೆ ಹೊರಟುಹೋಗುವುದುಂಟು. ಪರದೆಯ ಬಲ ಕೆಳಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಧ್ವನಿ ಎಲ್ಲಿಗೆ ಹೋಗಬೇಕೆಂಬುದನ್ನು ಆರಿಸಬಹುದು. ಅಲ್ಲಿ ಮಾನಿಟರಿನ ಹೆಸರೂ ಇರಬಹುದು. ಅದರೊಳಗೆ ಸ್ಪೀಕರೇ ಇಲ್ಲದಿದ್ದರೂ ಪಟ್ಟಿಯಲ್ಲಿ ಗತ್ತಿನಿಂದ ನಿಂತಿರುತ್ತದೆ. ಧ್ವನಿ ಪೂರ್ತಿ ಸತ್ತುಹೋದರೆ ಮೊದಲು ಇದನ್ನು ನೋಡಿ.

ವೀಡಿಯೊ ಮಾತುಕತೆಗೆ ಕ್ಯಾಮರಾವನ್ನು ಟಿ.ವಿ.ಯ ಮೇಲೆ ಕೂರಿಸಬೇಕಾದರೆ ಯು.ಎಸ್.ಬಿ. ಕೇಬಲ್ ಉದ್ದ ಮಾಡಬೇಕಾಗುತ್ತದೆ. ಸಾಮಾನ್ಯ ಯು.ಎಸ್.ಬಿ. 2.0 ಕೇಬಲಿಗೆ 5 ಮೀಟರ್ ಮಿತಿ. ವೈರಿಲ್ಲದ ಕೀಲಿಮಣೆ, ಮೌಸ್ ಚಾವಡಿಯಿಂದ ತಡವರಿಸಿದರೆ ಅವುಗಳ ಪುಟ್ಟ ರಿಸೀವರನ್ನು ಪೆಟ್ಟಿಗೆಯ ಹಿಂದಿನಿಂದ ತೆಗೆದು ಮುಂದಿನ ಕಿಂಡಿಗೆ ಹಾಕಿ. ಹಿಂದೆ ನೀಲಿ ಯು.ಎಸ್.ಬಿ. 3.0 ಕಿಂಡಿಗಳ ಪಕ್ಕ ಅದರ ರೇಡಿಯೊ ಸಂಕೇತಕ್ಕೆ ಗದ್ದಲವಾಗುತ್ತದೆ.

ಹಂತ 8: ದಿನದಿನದ ಕಿರಿಕಿರಿಗಳು

ತೆರೆದ ಕಿಟಕಿ ಕಾಣೆಯಾಗಿದೆ: ಅದು ಆಫ್ ಮಾಡಿದ ಟಿ.ವಿ.ಯ ಮೇಲೆ ತೆರೆದುಕೊಂಡಿದೆ. ಹಲವು ಟಿ.ವಿ.ಗಳು ಆಫ್ ಮಾಡಿದ ಮೇಲೂ ತಾವು ಇದ್ದೇವೆಂದೇ ಕಂಪ್ಯೂಟರಿಗೆ ಹೇಳುತ್ತಿರುತ್ತವೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಆ ಕಿಟಕಿಯನ್ನು ಆರಿಸಿ, ಆಮೇಲೆ ವಿಂಡೋಸ್, ಶಿಫ್ಟ್, ಎಡಬಾಣ ಮೂರನ್ನೂ ಒಟ್ಟಿಗೆ ಒತ್ತಿದರೆ ಮಾನಿಟರಿಗೆ ಮರಳುತ್ತದೆ. ಕೆಲಸದ ಹೊತ್ತಿನಲ್ಲಿ ವಿಂಡೋಸ್ ಮತ್ತು ‘ಪಿ’ ಒತ್ತಿ ‘ಕಂಪ್ಯೂಟರ್ ಪರದೆ ಮಾತ್ರ’ ಮಾಡಿಡುವ ರೂಢಿ ಒಳ್ಳೆಯದು. ಆದರೆ ವಿಂಡೋಸ್ ಆ ಹೆಸರಿನಲ್ಲಿ ಟಿ.ವಿ.ಯನ್ನೇ ಉಳಿಸಿಕೊಂಡು ಮಾನಿಟರನ್ನು ಕತ್ತಲೆ ಮಾಡಿದರೆ ಗಾಬರಿ ಬೇಡ, ‘ಎರಡನೆಯ ಪರದೆ ಮಾತ್ರ’ ಎಂಬುದನ್ನು ಆರಿಸಿ.

ಟಿ.ವಿ. ಮಿನುಗಿ ಕತ್ತಲಾಗುತ್ತದೆ: ಕೇಬಲಿನ ಎರಡೂ ತುದಿ ಕಳಚಿ ನೋಡಿ. ಉಪ್ಪಳ, ಕುಂಬಳೆಯ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಲೋಹ ಕಿಲುಬು ಹಿಡಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಹೋಗದಿದ್ದರೆ ಕೇಬಲ್ ಬದಲಿಸಿ. ಆಗಲೂ ಮಿನುಗಿದರೆ ಹರ್ಟ್ಸ್ ಇಳಿಸಿ ಪರೀಕ್ಷಿಸಿ. ನಿಂತರೆ ಕೇಬಲಿಗೆ ಆ ಹೊರೆ ಹೊರುವ ತಾಕತ್ತಿಲ್ಲ.

ಬೇರೆಲ್ಲ ಬರುತ್ತದೆ, ಹಣ ಕೊಟ್ಟು ನೋಡುವ ಸಿನಿಮಾ ಮಾತ್ರ ಕಪ್ಪು: ನಕಲು ತಡೆಯುವ ಬೀಗ ಇದು, ಎಚ್.ಡಿ.ಸಿ.ಪಿ. ಎನ್ನುತ್ತಾರೆ. ನಡುವಿನ ಪರಿವರ್ತಕ, ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ. ವಿ.ಜಿ.ಎ.ಯಲ್ಲಿ ಈ ಬೀಗದ ವ್ಯವಸ್ಥೆಯೇ ಇಲ್ಲದ್ದರಿಂದ ಸಿನಿಮಾ ಹಾಕುವಾಗ ಹಳೆಯ ಮಾನಿಟರನ್ನು ಬಿಡಿಸಿ ನೋಡಿ.

ಎರಡೂ ಪರದೆ ಹೆಪ್ಪುಗಟ್ಟಿವೆ: ವಿಂಡೋಸ್, ಕಂಟ್ರೋಲ್, ಶಿಫ್ಟ್, ‘ಬಿ’ ನಾಲ್ಕನ್ನೂ ಒಟ್ಟಿಗೆ ಒತ್ತಿ. ಚಿತ್ರದ ವ್ಯವಸ್ಥೆ ಮಾತ್ರ ಹೊಸದಾಗಿ ಏಳುತ್ತದೆ, ತೆರೆದ ಕಡತ ಹೋಗುವುದಿಲ್ಲ.

ಹಂತ 9: ಸಿಡಿಲಿನ ದಿನಗಳು

ನಮ್ಮಲ್ಲಿ ಜೂನಿನ ಜಡಿಮಳೆಗಿಂತ ಏಪ್ರಿಲ್, ಮೇ ತಿಂಗಳ ಸಂಜೆಮಳೆ ಮತ್ತು ಅಕ್ಟೋಬರ್, ನವೆಂಬರಿನ ತುಲಾ ತಿಂಗಳ ಮಳೆಯಲ್ಲೇ ಸಿಡಿಲು ಹೆಚ್ಚು. ಮೊದಲು ಟಿ.ವಿ. ಒಂದೇ ಸುಡುತ್ತಿತ್ತು. ಈಗ ನೀವು ಟಿ.ವಿ.ಗೂ ಕಂಪ್ಯೂಟರಿಗೂ ತಾಮ್ರದ ಸೇತುವೆ ಕಟ್ಟಿದ್ದೀರಿ. ಡಿಶ್ ತಟ್ಟೆಯಿಂದ ಇಳಿದದ್ದು ಹಾರ್ಡ್ ಡಿಸ್ಕಿನವರೆಗೂ ನಡೆದು ಬರಬಹುದು. ಸ್ವಿಚ್ ಆರಿಸಿದ ಮಾತ್ರಕ್ಕೆ ಸಿಡಿಲು ನಿಲ್ಲುವುದಿಲ್ಲ, ಸ್ಪೈಕ್ ಬಸ್ಟರ್ ಎಂಬ ಪಟ್ಟಿಯೂ ಹತ್ತಿರದ ಸಿಡಿಲಿಗೆ ತಡೆಯಲ್ಲ.

ಕಳಚಬೇಕಾದದ್ದು ಐದು: ಕಂಪ್ಯೂಟರಿನ ಪ್ಲಗ್, ಮಾನಿಟರಿನ ಪ್ಲಗ್, ಟಿ.ವಿ.ಯ ಪ್ಲಗ್, ಡಿಶ್ ಕೇಬಲ್, ಇಂಟರ್‌ನೆಟ್ ಮೋಡೆಮಿನಿಂದ ಬರುವ ಲ್ಯಾನ್ ಕೇಬಲ್. ಕಂಪ್ಯೂಟರ್ ಯು.ಪಿ.ಎಸ್.ಗೆ ಜೋಡಿಸಿದ್ದಾದರೆ ಗೋಡೆಯಿಂದ ಯು.ಪಿ.ಎಸ್.ನ ಪ್ಲಗ್ಗನ್ನೂ ಕೀಳಬೇಕು. ಮೋಡ ಕವಿಯುವಾಗಲೇ ಈ ಕೆಲಸ ಮುಗಿಸಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಯಾವ ವೈರನ್ನೂ ಮುಟ್ಟಬೇಡಿ, ಉಪಕರಣ ಹೋದರೆ ಹೋಗಲಿ.

ಜೋಡಣೆ ಮುಗಿದ ದಿನವೇ ಈ ಐದರ ತುದಿಗಳಿಗೂ ಬಿಳಿ ಪ್ಲಾಸ್ಟರಿನ ತುಂಡು ಸುತ್ತಿ 1ರಿಂದ 5ರವರೆಗೆ ಸಂಖ್ಯೆ ಬರೆದಿಡಿ. ನೀವು ಮಂಗಳೂರಿಗೋ ಬೆಂಗಳೂರಿಗೋ ಹೋದ ದಿನ ಮೋಡ ಕಟ್ಟಿದರೆ, ಮನೆಯಲ್ಲಿರುವ ಅಮ್ಮನಿಗೋ ಅಜ್ಜನಿಗೋ ಫೋನಿನಲ್ಲಿ ಸಂಖ್ಯೆ ಹೇಳಿ ಕಳಚಿಸಬಹುದು.